ಒಂದು ಇಲಾಖೆ, ಮೂರು ಕರಾರು: ಉಮರ್ಗಾ–ನಿಲಂಗಾ–ಉದಗೀರ ಗಡಿಯಲ್ಲಿ ಸಾರಿಗೆ ನೌಕರರ ವೇತನ ಒಪ್ಪಂದಗಳು

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಮರಾಠವಾಡಾದ ಆಗ್ನೇಯ ಅಂಚಿನಲ್ಲಿವೆ. ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಗೂ ಉಳಿದೆರಡು ಲಾತೂರ ಜಿಲ್ಲೆಗೂ ಸೇರಿವೆ. ಮೂರೂ ಊರುಗಳಲ್ಲಿ ಮಹಾರಾಷ್ಟ್ರ ರಾಜ್ಯ ಮಾರ್ಗ ಪರಿವಹನ ಮಹಾಮಂಡಳದ ಘಟಕಗಳಿವೆ. ಮರಾಠಿಯಲ್ಲಿ ಅವಕ್ಕೆ ‘ಆಗಾರ’ ಎಂದು ಹೆಸರು. ಗಡಿಯ ಇನ್ನೊಂದು ಬದಿಯ ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದಗಳಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಓಡುತ್ತವೆ. ಎರಡೂ ನಿಗಮಗಳ ಚಾಲಕ–ನಿರ್ವಾಹಕರಲ್ಲಿ ಕನ್ನಡ, ಮರಾಠಿ, ದಖನಿ ಮೂರನ್ನೂ ಮಾತನಾಡುವವರು ಹಲವರಿದ್ದಾರೆ. ಅವರು ಒಂದೇ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾರೆ, ಒಂದೇ ಹೆದ್ದಾರಿಯ ಧೂಳು ತಿನ್ನುತ್ತಾರೆ. ಅವರ ಪಗಾರವನ್ನು ನಿರ್ಧರಿಸುವ ಒಪ್ಪಂದಗಳು ಮಾತ್ರ ಮುಂಬೈ ಮತ್ತು ಬೆಂಗಳೂರುಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಬರೆಯಲ್ಪಡುತ್ತವೆ.

2020ರಿಂದ ಈಚೆಗೆ ಈ ಎರಡೂ ನಿಗಮಗಳಲ್ಲಿ ದೀರ್ಘ ಮುಷ್ಕರಗಳು ನಡೆದವು. ಮರಾಠಿಯಲ್ಲಿ ಒಂದರ ಬಗ್ಗೆ, ಕನ್ನಡದಲ್ಲಿ ಇನ್ನೊಂದರ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಪ್ರಯತ್ನ ವಿರಳ. ಅರ್ಥಶಾಸ್ತ್ರ ಈ ಲೇಖಕರ ಕ್ಷೇತ್ರವಲ್ಲ. ಎರಡು ಭಾಷೆಗಳ ಪಠ್ಯಗಳನ್ನು ಹೋಲಿಸಿ ಓದುವುದು ತೌಲನಿಕ ಸಾಹಿತ್ಯದ ಕೆಲಸ. ವೇತನ ಒಪ್ಪಂದವೂ ಒಂದು ಪಠ್ಯವೇ. ಅದರಲ್ಲಿ ಯಾರು ಕರ್ತೃ, ಯಾವ ಕಾಲವಾಚಕ ಬಳಕೆಯಾಗಿದೆ, ಯಾವ ಪದವನ್ನು ಬಿಡಲಾಗಿದೆ ಎಂಬುದರ ಮೇಲೆ ಸಾವಿರಾರು ಮನೆಗಳ ಒಲೆ ಉರಿಯುವುದು ನಿಂತಿರುತ್ತದೆ. ಕಷ್ಟಕಾಲದ ವೇತನ ಒಪ್ಪಂದದಲ್ಲಿ ಮೊತ್ತಕ್ಕಿಂತ ಮುಖ್ಯವಾದ ಪ್ರಶ್ನೆ ಸಾಲಗಾರ ಯಾರು ಎಂಬುದು. ಗಡಿಯ ಎರಡೂ ಬದಿಯ ಒಪ್ಪಂದಗಳು ಆ ಪ್ರಶ್ನೆಗೆ ಉತ್ತರಿಸುವುದನ್ನು ಮುಂದೂಡುತ್ತ ಬಂದಿವೆ ಎಂಬುದು ಈ ಲೇಖನದ ವಾದ.

1. ಸಮಾನ ಪೂರ್ವಜ

ಈ ಎರಡು ನಿಗಮಗಳು ಈ ಪ್ರದೇಶದಲ್ಲಿ ಒಂದೇ ಮನೆಯಿಂದ ಕವಲೊಡೆದವು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ವಿಭಾಗವು 1932ರಲ್ಲಿ 27 ಬಸ್ಸುಗಳು ಮತ್ತು 166 ನೌಕರರೊಂದಿಗೆ ಆರಂಭವಾಯಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಬಳಿಕ, 1951ರ ನವೆಂಬರ್‌ನಲ್ಲಿ ಈ ವಿಭಾಗವನ್ನು ಹೈದರಾಬಾದ್ ರಾಜ್ಯ ಸರ್ಕಾರವೇ ವಹಿಸಿಕೊಂಡಿತು. ಅಂದರೆ ಈ ಭಾಗದ ಬಸ್ ಚಾಲಕ ಅಂದು ಸರ್ಕಾರಿ ಇಲಾಖೆಯೊಂದರ ನೌಕರನಾಗಿದ್ದ.

ಆಗ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲ್ಲೂಕುಗಳು; ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಬೀದರ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಡುವಾಗ ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳನ್ನು ಹೆಸರು ಹಿಡಿದು ಬೇರ್ಪಡಿಸಿ ಮುಂಬಯಿ ರಾಜ್ಯಕ್ಕೆ ಸೇರಿಸಿತು. ಭೂಪಟದ ಜೊತೆಗೆ ನೌಕರರೂ ಹಂಚಿಕೆಯಾದರು. ಅದೇ ಕಾಯ್ದೆಯ 115ನೆಯ ಕಲಮು ಹೀಗೆ ಹಂಚಿಕೆಯಾದ ನೌಕರರಿಗೆ ಒಂದು ರಕ್ಷಣೆ ಕೊಟ್ಟಿತು: ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಕೂಡದು. ರಾಜ್ಯ ಬದಲಾದರೂ ಸಂಬಳದ ಹೊಣೆ ಹಾರಿಹೋಗಬಾರದು ಎಂಬ ತತ್ತ್ವ ಇದರಲ್ಲಿದೆ. ನಮ್ಮ ಚರ್ಚೆಗೆ ಇದು ಮುಖ್ಯವಾದ ಪೂರ್ವನಿದರ್ಶನ.

ಸಾರಿಗೆಯ ಹಂಚಿಕೆಯೂ ಇದೇ ದಾರಿ ಹಿಡಿಯಿತು. ತೆಲಂಗಾಣ ಭಾಗದ ಸೇವೆ 1958ರಲ್ಲಿ ಆಂಧ್ರಪ್ರದೇಶದ ಸಾರಿಗೆ ನಿಗಮವಾಯಿತು. ಮರಾಠವಾಡಾ ಭಾಗದ ಸೇವೆ 1961ರಲ್ಲಿ ಮಹಾರಾಷ್ಟ್ರದ ಮಹಾಮಂಡಳದಲ್ಲಿ ಸೇರಿತು. ಅದೇ ವರ್ಷ ಮೈಸೂರು ರಾಜ್ಯದ ಸಾರಿಗೆ ಇಲಾಖೆಯೂ ನಿಗಮವಾಗಿ ಮಾರ್ಪಟ್ಟಿತು. ಅದರ ಕಲಬುರಗಿ ಭಾಗ 2000ದಲ್ಲಿ ಈಶಾನ್ಯ ಕರ್ನಾಟಕ ನಿಗಮವೆಂದು ಬೇರೆಯಾಗಿ, 2021ರಲ್ಲಿ ಕಲ್ಯಾಣ ಕರ್ನಾಟಕ ನಿಗಮ ಎಂಬ ಹೆಸರು ಪಡೆಯಿತು. ಹೀಗೆ ಒಂದೇ ಇಲಾಖೆಯ ನೌಕರರು ಐದು ವರ್ಷಗಳೊಳಗೆ ಮೂರು ನಿಗಮಗಳ ಕಾರ್ಮಿಕರಾದರು. ಸರ್ಕಾರಿ ನೌಕರನ ಸ್ಥಾನ ಹೋಗಿ, ಸರ್ಕಾರದ ಒಡೆತನದ ಸಂಸ್ಥೆಯ ನೌಕರನ ಸ್ಥಾನ ಬಂದಿತು. ಮೇಲ್ನೋಟಕ್ಕೆ ಅಂತರ ಸಣ್ಣದು. ಕಷ್ಟಕಾಲ ಬಂದಾಗ ಅದು ದೊಡ್ಡದಾಗಿ ಕಾಣಿಸಿಕೊಂಡಿತು.

2. ಕಾಯ್ದೆಯೊಳಗಿನ ಇಬ್ಬಂದಿ

ಈ ಅಂತರದ ಮೂಲ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಲ್ಲಿದೆ. ಅದರ ಮೂರು ಕಲಮುಗಳನ್ನು ಒಟ್ಟಿಗೆ ಓದಬೇಕು. ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಆದ ಸಾರಿಗೆ ಸೇವೆಯನ್ನು ಒದಗಿಸುವುದು ನಿಗಮದ ಕರ್ತವ್ಯ ಎಂದು 18ನೆಯ ಕಲಮು ಹೇಳುತ್ತದೆ. ನಿಗಮವು ವ್ಯಾಪಾರೀ ತತ್ತ್ವಗಳ ಮೇಲೆ ನಡೆಯಬೇಕು ಎಂದು 22ನೆಯ ಕಲಮು ಹೇಳುತ್ತದೆ. ನೌಕರರ ನೇಮಕ, ಸೇವಾ ಷರತ್ತು, ವೇತನಗಳ ಬಗ್ಗೆ ರಾಜ್ಯ ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು ಎಂದು 34ನೆಯ ಕಲಮು ಹೇಳುತ್ತದೆ.

ನಾಲ್ಕೇ ಪ್ರಯಾಣಿಕರಿರುವ ಗಡಿಗ್ರಾಮಕ್ಕೆ ಬಸ್ ಓಡಿಸುವಾಗ ನಿಗಮ ಮೊದಲನೆಯ ಕಲಮಿನಡಿ ಇರುತ್ತದೆ. ಅದರಿಂದ ನಷ್ಟವಾದಾಗ ಎರಡನೆಯ ಕಲಮು ಎದುರಾಗುತ್ತದೆ. ನೌಕರರು ವೇತನ ಕೇಳಿದಾಗ ನಿಗಮ ಸರ್ಕಾರದ ಕಡೆ ಕೈ ತೋರಿಸುತ್ತದೆ. ಸರ್ಕಾರ ನಿಗಮದ ಲೆಕ್ಕಪತ್ರದ ಕಡೆ ಕೈ ತೋರಿಸುತ್ತದೆ. ಆದೇಶಿಸುವ ಅಧಿಕಾರ ಒಬ್ಬರಲ್ಲಿ, ಪಾವತಿಸುವ ಹೊಣೆ ಇನ್ನೊಬ್ಬರಲ್ಲಿ ಇರುವ ಈ ರಚನೆಯಲ್ಲಿ ಆರ್ಥಿಕ ಸಂಕಷ್ಟದ ಭಾರ ಕೊನೆಗೆ ಬೀಳುವುದು ವೇತನದ ದಿನಾಂಕದ ಮೇಲೆ.

ವೇತನ ಒಪ್ಪಂದಕ್ಕೆ ಕಾನೂನಿನ ಬಲ ಇಲ್ಲವೆಂದಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಸಂಧಾನದ ಹಂತದಲ್ಲಿ ಆದ ಒಪ್ಪಂದವು ಸಹಿ ಹಾಕಿದವರಿಗಷ್ಟೇ ಅಲ್ಲದೆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತಿತ್ತು. ಅವಧಿ ಮುಗಿದರೂ, ಯಾವುದಾದರೂ ಪಕ್ಷ ಲಿಖಿತ ಸೂಚನೆ ಕೊಟ್ಟು ಎರಡು ತಿಂಗಳು ಕಳೆಯುವವರೆಗೆ ಅದು ಬಂಧಕವಾಗಿಯೇ ಇರುತ್ತಿತ್ತು. ಕಾರ್ಮಿಕರಿಗೆ ಇದರಿಂದ ರಕ್ಷಣೆಯೂ ಇತ್ತು, ತೊಡಕೂ ಇತ್ತು. ಹಳೆಯ ಕರಾರು ಜೀವಂತವಾಗಿರುವ ತನಕ ಹೊಸ ಕರಾರಿಗೆ ಅವಸರವೇಕೆ ಎಂಬ ಧೋರಣೆಗೆ ಅದು ಎಡೆಮಾಡಿಕೊಟ್ಟಿತು. ಎರಡೂ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆಯ ವಾಡಿಕೆಯಿದೆ. ನಾಲ್ಕು ವರ್ಷಕ್ಕೆ ಸರಿಯಾಗಿ ಅದು ನಡೆಯದಿರುವುದೂ ವಾಡಿಕೆಯಾಗಿದೆ.

3. ಮಹಾರಾಷ್ಟ್ರದ ಪಠ್ಯ

2016–20ರ ಅವಧಿಯ ಕರಾರು ಮಹಾರಾಷ್ಟ್ರದಲ್ಲಿ ಕಾಲಕ್ಕೆ ಸರಿಯಾಗಿ ಆಗಲಿಲ್ಲ. ಏಳನೆಯ ವೇತನ ಆಯೋಗದ ಶ್ರೇಣಿಗಾಗಿ 2017ರ ದೀಪಾವಳಿಯ ಹೊತ್ತಿಗೆ ನಾಲ್ಕು ದಿನ ಮುಷ್ಕರ ನಡೆದು, ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ಅಕ್ರಮವೆಂದಿತು. 2018ರ ಜೂನ್‌ನಲ್ಲಿ ಸರ್ಕಾರ 4,849 ಕೋಟಿ ರೂಪಾಯಿಯ ವೇತನ ಹೆಚ್ಚಳವನ್ನು ಏಕಪಕ್ಷೀಯವಾಗಿ ಘೋಷಿಸಿತು. ಅದರ ಬೆನ್ನಿಗೇ ಮತ್ತೆ ಮುಷ್ಕರವಾಯಿತು. ಕರಾರು ಎಂಬ ಪದಕ್ಕೆ ಇಬ್ಬರು ಬೇಕು. ಘೋಷಣೆಗೆ ಒಬ್ಬರು ಸಾಕು. ಈ ವ್ಯತ್ಯಾಸವನ್ನು ಕಾರ್ಮಿಕರು ಅಂದೇ ಗುರುತಿಸಿದ್ದರು.

2020ರಲ್ಲಿ ಕೋವಿಡ್ ಬಂದಾಗ ಬಸ್ಸುಗಳು ನಿಂತವು, ದೈನಂದಿನ ಆದಾಯ ನಿಂತಿತು, ಪಗಾರ ತಿಂಗಳುಗಟ್ಟಲೆ ತಡವಾಯಿತು. ಆ ವರ್ಷದ ದೀಪಾವಳಿಯ ಮುನ್ನ ನೌಕರರ ಆತ್ಮಹತ್ಯೆಗಳು ವರದಿಯಾದ ಮೇಲೆ ರಾಜ್ಯ ಸರ್ಕಾರ 1,000 ಕೋಟಿ ರೂಪಾಯಿಯ ನೆರವು ಪ್ರಕಟಿಸಿತು. 2021ರ ಅಕ್ಟೋಬರ್ ಕೊನೆಯಲ್ಲಿ ತುಟ್ಟಿಭತ್ಯೆ ಹಾಗೂ ಮನೆಬಾಡಿಗೆ ಭತ್ಯೆಯ ಬೇಡಿಕೆ ಒಪ್ಪಿತವಾಗಿ ಸಂಘಟನೆಗಳು ಉಪವಾಸ ಕೈಬಿಟ್ಟವು. ಆದರೆ ಆಗಾರಗಳಲ್ಲಿದ್ದ ನೌಕರರು ಕೆಲಸಕ್ಕೆ ಮರಳಲಿಲ್ಲ. ಅವರ ಬೇಡಿಕೆ ಒಂದೇ ಪದಕ್ಕೆ ಇಳಿದಿತ್ತು: ವಿಲೀನೀಕರಣ. ಮಹಾಮಂಡಳವನ್ನು ರಾಜ್ಯ ಸರ್ಕಾರದಲ್ಲಿ ವಿಲೀನಗೊಳಿಸಿ, ನಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂಬುದು ಅದರ ಅರ್ಥ.

ನವೆಂಬರ್ 24ರಂದು ಸರ್ಕಾರ ಮೂಲ ವೇತನದಲ್ಲಿ ಹೆಚ್ಚಳ ಘೋಷಿಸಿತು. ಹತ್ತು ವರ್ಷದೊಳಗಿನ ಸೇವೆಯವರಿಗೆ 5,000 ರೂಪಾಯಿ, ಹತ್ತರಿಂದ ಇಪ್ಪತ್ತು ವರ್ಷದವರಿಗೆ 4,000, ಅದಕ್ಕೂ ಮೇಲ್ಪಟ್ಟವರಿಗೆ 2,500. ಕಡಿಮೆ ಸಂಬಳದವರಿಗೆ ಹೆಚ್ಚು ಎಂಬ ತರ್ಕ ನ್ಯಾಯವಾದದ್ದೇ. ಆದರೆ ಅದು ಸೇವಾಜ್ಯೇಷ್ಠತೆಯ ಮೆಟ್ಟಿಲುಗಳನ್ನು ಒತ್ತಿ ಚಪ್ಪಟೆಯಾಗಿಸಿತು. ಇಪ್ಪತ್ತೈದು ವರ್ಷ ಗಡಿಯ ಹದಗೆಟ್ಟ ರಸ್ತೆಗಳಲ್ಲಿ ಚಕ್ರ ಹಿಡಿದವನಿಗೆ ಹೊಸಬನಿಗೆ ಸಿಕ್ಕಿದ್ದರ ಅರ್ಧ ಸಿಕ್ಕಿತು. 2024ರ ಸೆಪ್ಟೆಂಬರ್‌ನಲ್ಲಿ ಎರಡು ದಿನದ ಮತ್ತೊಂದು ಮುಷ್ಕರದ ಬಳಿಕ 2020ರ ಏಪ್ರಿಲ್‌ನಿಂದ ಅನ್ವಯವಾಗುವಂತೆ ಮೂಲ ವೇತನದಲ್ಲಿ ಎಲ್ಲರಿಗೂ ಒಟ್ಟು 6,500 ರೂಪಾಯಿ ಆಗುವಂತೆ ಸರಿಪಡಿಸಲು ಸರ್ಕಾರ ಒಪ್ಪಿದಾಗ, ಮೂರು ವರ್ಷದ ಹಿಂದಿನ ಆ ಕೊರತೆಯನ್ನು ಪರೋಕ್ಷವಾಗಿ ಒಪ್ಪಿಕೊಂಡಂತಾಯಿತು.

ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ ಮೂವರು ಹಿರಿಯ ಅಧಿಕಾರಿಗಳ ಸಮಿತಿ ವಿಲೀನವನ್ನು ಶಿಫಾರಸು ಮಾಡಲಿಲ್ಲ. 2022ರ ಏಪ್ರಿಲ್ 22ರೊಳಗೆ ಕೆಲಸಕ್ಕೆ ಮರಳಬೇಕೆಂದು ನ್ಯಾಯಾಲಯ ಗಡುವು ಕೊಟ್ಟಿತು. ಅದೇ ದಿನ ಉದಗೀರದಲ್ಲಿ ಭಾರತ ಸಾಸಣೆಯವರ ಅಧ್ಯಕ್ಷತೆಯ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಆರಂಭವಾಯಿತು. ಗಡಿನಾಡಿನ ಭಾಷೆ ಮತ್ತು ಬದುಕಿನ ಬಗ್ಗೆ ಬರೆಯುವವರು ಈ ಎರಡು ದಿನಾಂಕಗಳ ಕೂಡುವಿಕೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಊರಿಗೆ ಸಾಹಿತಿಗಳು ಬಂದ ದಿನವೇ ಆ ಊರಿನ ಆಗಾರದ ನೌಕರರಿಗೆ ಐದೂವರೆ ತಿಂಗಳ ಹೋರಾಟದ ಫಲವನ್ನು ಲೆಕ್ಕ ಹಾಕಿ ಗೇಟಿನೊಳಗೆ ಹೋಗಬೇಕಾದ ಕೊನೆಯ ದಿನವಾಗಿತ್ತು.

4. ಕರ್ನಾಟಕದ ಪಠ್ಯ

ಕರ್ನಾಟಕದಲ್ಲಿ 2016ರ ಜುಲೈನಲ್ಲಿ ಮೂರು ದಿನದ ಮುಷ್ಕರದ ಬಳಿಕ ಶೇ. 12.5ರ ಹೆಚ್ಚಳಕ್ಕೆ ಒಪ್ಪಂದವಾಗಿತ್ತು. ಮುಂದಿನ ಪರಿಷ್ಕರಣೆ 2020ರ ಜನವರಿ 1ಕ್ಕೆ ಬರಬೇಕಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ನೌಕರರು ಮುಷ್ಕರ ಹೂಡಿದರು. ಸರ್ಕಾರ ಹಲವು ಭರವಸೆಗಳನ್ನು ಲಿಖಿತವಾಗಿ ಕೊಟ್ಟಿತು. ಸರ್ಕಾರಿ ನೌಕರರಿಗೆ ಸಮನಾದ ಆರನೆಯ ವೇತನ ಆಯೋಗದ ಶ್ರೇಣಿಗಾಗಿ 2021ರ ಏಪ್ರಿಲ್ 7ರಿಂದ ಹದಿನೈದು ದಿನ ಬಸ್ಸುಗಳು ನಿಂತವು. ಶೇ. 8ರ ಮಧ್ಯಂತರ ಹೆಚ್ಚಳ ಕೊಡುತ್ತೇವೆ, ಆದರೆ ಉಪಚುನಾವಣೆಯ ನೀತಿಸಂಹಿತೆ ಇರುವುದರಿಂದ ಚುನಾವಣಾ ಆಯೋಗದ ಅನುಮತಿ ಬೇಕು ಎಂದು ಸರ್ಕಾರ ಹೇಳಿತು. ಆ ಉಪಚುನಾವಣೆಗಳಲ್ಲಿ ಒಂದು ಏಪ್ರಿಲ್ 17ರಂದು ನಡೆದ ಬಸವಕಲ್ಯಾಣದ್ದು. ಉಮರ್ಗಾದಿಂದ ಹೆದ್ದಾರಿಯಲ್ಲಿ ಗಡಿ ದಾಟಿದರೆ ಸಿಗುವ ಕ್ಷೇತ್ರ.

ಕೊನೆಗೆ 2023ರ ಮಾರ್ಚ್‌ನಲ್ಲಿ ಮೂಲ ವೇತನದ ಶೇ. 15ರಷ್ಟು ಹೆಚ್ಚಳವಾಯಿತು. ಅದು 2020ರ ಜನವರಿಯಿಂದಲೇ ಅನ್ವಯವೆಂದು ಗಣಿಸಲಾಯಿತು. ಆದರೆ ನಡುವಿನ 38 ತಿಂಗಳ ಹಣ ಕೈಗೆ ಬರಲಿಲ್ಲ. ಆ 38 ತಿಂಗಳ ಹಿಂಬಾಕಿ ಹಾಗೂ 2024ರ ಜನವರಿಯಿಂದ ಬರಬೇಕಿದ್ದ ಮತ್ತೊಂದು ಪರಿಷ್ಕರಣೆಗಾಗಿ 2025ರ ಆಗಸ್ಟ್ 5ರಂದು ಪುನಃ ಮುಷ್ಕರಕ್ಕೆ ಕರೆಯಾಗಿ, ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತಡೆಯಿತು.

ಎರಡು ಪಠ್ಯಗಳನ್ನು ಈಗ ಪಕ್ಕದಲ್ಲಿಟ್ಟು ನೋಡೋಣ. ಮಹಾರಾಷ್ಟ್ರದ್ದು ರೂಪಾಯಿಗಳಲ್ಲಿ ಮಾತನಾಡುತ್ತದೆ, ಕರ್ನಾಟಕದ್ದು ಶೇಕಡಾವಾರಿನಲ್ಲಿ. ರೂಪಾಯಿಯ ಹೆಚ್ಚಳ ತಳದವರಿಗೆ ಅನುಕೂಲ. ಶೇಕಡಾವಾರು ಹೆಚ್ಚಳ ಇರುವ ಶ್ರೇಣಿಯನ್ನು ಹಾಗೆಯೇ ಉಳಿಸುತ್ತದೆ. ಕರ್ನಾಟಕದ ಮುಖ್ಯ ಪದ ‘ಸರಿಸಮಾನ’, ಮಹಾರಾಷ್ಟ್ರದ್ದು ‘ವಿಲೀನ’. ಈ ವ್ಯತ್ಯಾಸಗಳ ಅಡಿಯಲ್ಲಿ ಒಂದು ಸಾಮ್ಯವಿದೆ. ಎರಡೂ ಕಡೆ ಅನ್ವಯದ ದಿನಾಂಕ ಹಿಂದಕ್ಕೆ ಹೋಗುತ್ತದೆ, ಪಾವತಿಯ ದಿನಾಂಕ ಮುಂದಕ್ಕೆ ಹೋಗುತ್ತದೆ. ಎರಡರ ನಡುವೆ ಬಿದ್ದ ತಿಂಗಳುಗಳಿಗೆ ಕನ್ನಡದಲ್ಲಿ ‘ಹಿಂಬಾಕಿ’, ಮರಾಠಿಯಲ್ಲಿ ‘ಥಕಬಾಕಿ’. ನೌಕರನ ದೃಷ್ಟಿಯಿಂದ ಅದು ಸರ್ಕಾರಕ್ಕೆ ಅವನು ಕೊಟ್ಟ ಬಡ್ಡಿಯಿಲ್ಲದ ಸಾಲ. ಇತ್ತ ಅವನು ಮಗಳ ಕಾಲೇಜು ಶುಲ್ಕಕ್ಕೆ ತೆಗೆದ ಸಾಲಕ್ಕೆ ಬಡ್ಡಿ ಇದ್ದೇ ಇರುತ್ತದೆ.

5. ‘ವಿಲೀನ’ ಎಂಬ ಪದ

ಪಗಾರ, ಕರಾರು, ಬಾಕಿ: ಈ ಮೂರೂ ಪದಗಳು ಕನ್ನಡ ಮತ್ತು ಮರಾಠಿಗಳಿಗೆ ಸಮಾನ. ಮೊದಲನೆಯದು ಪೋರ್ತುಗೀಸಿನಿಂದ, ಉಳಿದೆರಡು ಅರಬ್ಬಿ–ಫಾರಸಿಯ ಮೂಲಕ ಬಂದವು. ದುಡಿಮೆ ಮತ್ತು ಸಾಲದ ವ್ಯವಹಾರದಲ್ಲಿ ಎರಡು ಭಾಷೆಗಳ ನಡುವೆ ಗಡಿ ಎಂದೂ ಗಟ್ಟಿಯಾಗಿರಲಿಲ್ಲ ಎಂಬುದಕ್ಕೆ ಇವು ಸಾಕ್ಷಿ. ‘ವಿಲೀನ’ ಎಂಬ ಸಂಸ್ಕೃತ ಪದದ ಚರಿತ್ರೆ ಬೇರೆ. ಈ ಪ್ರದೇಶದಲ್ಲಿ ಅದು ಪಠ್ಯಪುಸ್ತಕದ ಪದವಾಗಿ ಜನರಿಗೆ ಪರಿಚಿತ: 1948ರ ಸೆಪ್ಟೆಂಬರ್ 17ರ ಬಳಿಕ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಕಥೆ. ಮರಾಠವಾಡಾದಲ್ಲಿ ಆ ದಿನ ಮುಕ್ತಿಸಂಗ್ರಾಮ ದಿನ, ಕಲಬುರಗಿ–ಬೀದರಗಳಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ದಿನ. ಇಲ್ಲಿ ವಿಲೀನವೆಂದರೆ ಮಧ್ಯವರ್ತಿಯೊಬ್ಬನ ಆಳ್ವಿಕೆ ಮುಗಿದು ನೇರವಾಗಿ ರಾಜ್ಯದ ಪ್ರಜೆಯಾಗುವುದು.

ಉಮರ್ಗಾ ಅಥವಾ ನಿಲಂಗಾದ ಬಸ್ ನೌಕರನ ಬಾಯಲ್ಲಿ 2021ರಲ್ಲಿ ಈ ಪದ ಬಂದಾಗ ಅದು ಈ ಧ್ವನಿಯನ್ನೂ ಹೊತ್ತಿರಬಹುದು ಎಂದು ಊಹಿಸುವುದು ಅತಿಯಾಗದು. ಇತಿಹಾಸದ ದೃಷ್ಟಿಯಿಂದ ಇನ್ನೊಂದು ಮಾತು ಖಚಿತ. ಮುಂಬೈಯ ಅಧಿಕಾರಿಗಳಿಗೆ ವಿಲೀನ ಹೊಸ ಮತ್ತು ದುಬಾರಿ ಪ್ರಸ್ತಾಪವಾಗಿ ಕಂಡಿತು. ಮರಾಠವಾಡಾದ ಮಟ್ಟಿಗಾದರೂ ಅದು 1961ರ ಹಿಂದಿನ ಸ್ಥಿತಿಗೆ ಮರಳುವ ಕೋರಿಕೆ. ನಿಗಮ ಬಡತನ ತೋರಿಸಿ ಕೈಚೆಲ್ಲಬಹುದು; ರಾಜ್ಯದ ಖಜಾನೆ ಹಾಗೆ ಸುಲಭವಾಗಿ ಕೈಚೆಲ್ಲಲಾರದು. ವಿಲೀನದ ಬೇಡಿಕೆಯ ತಿರುಳು ಇಷ್ಟೇ: ದಿವಾಳಿ ಎನ್ನಲಾಗದ ಸಾಲಗಾರನೊಬ್ಬನನ್ನು ನಮಗೆ ಕೊಡಿ.

6. ನೆರೆಯವರ ಉತ್ತರ, ದೂರದವರ ಉತ್ತರ

ಅದೇ ಇಲಾಖೆಯ ಮೂರನೆಯ ಕವಲು ಏನು ಮಾಡಿತು? ಆಂಧ್ರಪ್ರದೇಶ 2020ರ ಜನವರಿ 1ರಿಂದ ತನ್ನ ನಿಗಮದ ನೌಕರರನ್ನು ಸರ್ಕಾರಿ ಸಾರಿಗೆ ಇಲಾಖೆಗೆ ಸೇರಿಸಿಕೊಂಡಿತು. ತೆಲಂಗಾಣದಲ್ಲಿ 2019ರ ಅಕ್ಟೋಬರ್ 5ರಿಂದ ಐವತ್ತೆರಡು ದಿನ ಸುಮಾರು 48,000 ನೌಕರರು ಮುಷ್ಕರ ಹೂಡಿ ಬರಿಗೈಯಲ್ಲಿ ಮರಳಿದರು. ನಾಲ್ಕು ವರ್ಷದ ನಂತರ, 2023ರ ಆಗಸ್ಟ್‌ನಲ್ಲಿ, ಚುನಾವಣೆಗೆ ಕೆಲವೇ ತಿಂಗಳ ಮುನ್ನ ಅಲ್ಲಿನ ವಿಧಾನಸಭೆ ವಿಲೀನದ ಮಸೂದೆಯನ್ನು ಅಂಗೀಕರಿಸಿತು. ಬೀದರ ದಾಟಿದರೆ ಜಹೀರಾಬಾದ್. ನೆರೆಯವರಿಗೆ ಸಿಕ್ಕಿದ್ದು ನಮಗೇಕಿಲ್ಲ ಎಂಬ ಪ್ರಶ್ನೆ ಮುಂಬೈಗಿಂತ ಮೊದಲು ಗಡಿಯ ಆಗಾರಗಳಿಗೆ ತಲುಪುವುದು ಸಹಜ. ಗಡಿ ನೌಕರರು ಹೋಲಿಕೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಯಬೇಕಿಲ್ಲ.

ವಿಲೀನವೊಂದೇ ದಾರಿಯಲ್ಲ ಎಂಬುದಕ್ಕೆ ದೂರದ ಉದಾಹರಣೆಯೊಂದು ಉಪಯುಕ್ತ. 2008ರ ಆರ್ಥಿಕ ಕುಸಿತದಲ್ಲಿ ಐರ್ಲೆಂಡ್ ಸರ್ಕಾರ ತನ್ನ ನೌಕರರ ವೇತನವನ್ನು ಕಡಿತಗೊಳಿಸಿತು. ಬಳಿಕ 2010ರಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ನಡೆದ ಮಾತುಕತೆಯಿಂದ ಒಂದು ಒಪ್ಪಂದ ಹುಟ್ಟಿತು. 2014ರವರೆಗೆ ಇನ್ನಷ್ಟು ವೇತನ ಕಡಿತವಿಲ್ಲ, ಒತ್ತಾಯದ ವಜಾ ಇಲ್ಲ ಎಂದು ಸರ್ಕಾರ ಮಾತು ಕೊಟ್ಟಿತು. ಕೆಲಸದ ವಿಧಾನ, ವರ್ಗಾವಣೆ, ಕಡಿಮೆ ಸಿಬ್ಬಂದಿಯೊಂದಿಗೆ ಸೇವೆ ನಡೆಸುವ ಸುಧಾರಣೆಗಳಿಗೆ ಸಂಘಟನೆಗಳು ಒಪ್ಪಿದವು. ಕಷ್ಟ ಮುಂದುವರಿದಾಗ 2013ರಲ್ಲಿ ಮರುಮಾತುಕತೆಯಾಗಿ ಹೆಚ್ಚು ಸಂಬಳದವರ ವೇತನ ಕಡಿತವಾಯಿತು ಎಂಬುದೂ ನಿಜ. ಅದು ಆದರ್ಶ ಒಪ್ಪಂದವಾಗಿರಲಿಲ್ಲ. ಆದರೆ ಅದರಲ್ಲಿ ಯಾರು ಏನು ಬಿಟ್ಟುಕೊಡುತ್ತಾರೆ, ಎಲ್ಲಿಯವರೆಗೆ, ಯಾರು ಹೊಣೆ ಎಂಬ ಮೂರು ಸಂಗತಿಗಳು ಕಾಗದದ ಮೇಲಿದ್ದವು. ನಮ್ಮ ಎರಡೂ ನಿಗಮಗಳ ಒಪ್ಪಂದಗಳಲ್ಲಿ ಮೊತ್ತ ಎದ್ದು ಕಾಣುತ್ತದೆ, ಈ ಮೂರು ಮಸುಕಾಗುತ್ತವೆ. ಸುಧಾರಣೆಯ ಭಾಗವಂತೂ ಒಪ್ಪಂದದ ಹೊರಗೇ ಉಳಿಯುತ್ತದೆ: ಗುತ್ತಿಗೆ ಬಸ್ಸು, ಬಾಡಿಗೆ ಚಾಲಕ, ಮಾರ್ಗ ಕಡಿತ ಇವು ಕರಾರಿನ ಮೇಜಿಗೆ ಬಾರದೆ ಸುತ್ತೋಲೆಗಳ ಮೂಲಕ ಬರುತ್ತವೆ.

7. ಗಡಿಯ ಪ್ರಯಾಣಿಕರು

ಈ ಚರ್ಚೆ ನೌಕರರದ್ದು ಮಾತ್ರವಲ್ಲ. ಗಡಿಯ ಭಾಷಿಕ ಅಲ್ಪಸಂಖ್ಯಾತರಿಗೆ ಸರ್ಕಾರಿ ಬಸ್ಸು ಭಾಷೆಯ ವಾಹನವೂ ಹೌದು. ಮಾತೃಭಾಷೆಯ ಶಾಲೆ, ಗಡಿಯಾಚೆಯ ಕಾಲೇಜು, ತವರುಮನೆ, ಬಸವಕಲ್ಯಾಣದ ಜಾತ್ರೆ ಎಲ್ಲಕ್ಕೂ ಅದೇ ದಾರಿ. ಖಾಸಗಿ ಜೀಪು ಲಾಭವಿರುವ ರಸ್ತೆಯಲ್ಲಿ ಓಡುತ್ತದೆ. ನಾಲ್ಕು ಮನೆಯ ಊರಿಗೆ ಹೋಗುವುದು ಕೆಂಪು ಬಸ್ಸೇ. ಐದೂವರೆ ತಿಂಗಳ ಮುಷ್ಕರ ಶಾಲೆಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅರ್ಧ ಶೈಕ್ಷಣಿಕ ವರ್ಷ.

ಸರ್ಕಾರಗಳು ಈ ಸಾಮಾಜಿಕ ಪಾತ್ರವನ್ನು ಒಪ್ಪಿಕೊಂಡೇ ರಿಯಾಯಿತಿಗಳನ್ನು ಕೊಡುತ್ತವೆ. 2023ರ ಮಾರ್ಚ್‌ನಿಂದ ಮಹಾರಾಷ್ಟ್ರದಲ್ಲಿ ಮಹಿಳೆಯರಿಗೆ ಅರ್ಧ ದರ, ಅದೇ ವರ್ಷದ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆಯಡಿ ಉಚಿತ ಪ್ರಯಾಣ. ಮಹಾರಾಷ್ಟ್ರದ ರಿಯಾಯಿತಿ ರಾಜ್ಯದ ಗಡಿಯವರೆಗೆ ಮಾತ್ರ. ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಭಾಲ್ಕಿಯ ತವರಿಗೆ ಹೊರಟ ನಿಲಂಗಾದ ಕನ್ನಡ ಮನೆಯ ಸೊಸೆ ಈ ಎರಡು ಯೋಜನೆಗಳ ನಡುವಿನ ಸಂದಿಯಲ್ಲಿ ಬೀಳುತ್ತಾಳೆ. ರಿಯಾಯಿತಿಯ ಹಣವನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು. ಅದು ಪೂರ್ತಿಯಾಗಿ ಅಥವಾ ಕಾಲಕ್ಕೆ ಬಾರದಿದ್ದರೆ ಆ ಕೊರತೆ ಮತ್ತೆ ವೇತನದ ದಿನಾಂಕಕ್ಕೆ ಬಂದು ತಗಲುತ್ತದೆ. ಒಬ್ಬ ಬಡವನಿಗೆ ಕೊಟ್ಟ ಉಪಕಾರವನ್ನು ಇನ್ನೊಬ್ಬ ಬಡವನ ಸಂಬಳದಿಂದ ತೀರಿಸಬಾರದು.

ಮೇಲಿನ ಹೋಲಿಕೆಯಿಂದ ಮೂರು ಸಲಹೆಗಳು ಮೂಡುತ್ತವೆ. ಒಪ್ಪಂದದಲ್ಲಿ ಅನ್ವಯದ ದಿನಾಂಕದ ಪಕ್ಕದಲ್ಲೇ ಪಾವತಿಯ ದಿನಾಂಕ ಇರಬೇಕು, ತಡವಾದರೆ ಬಡ್ಡಿ ಸೇರಬೇಕು. ಸಾಮಾಜಿಕ ಕಾರಣಕ್ಕೆ ಓಡಿಸುವ ಮಾರ್ಗಗಳ ಹಾಗೂ ರಿಯಾಯಿತಿಗಳ ವೆಚ್ಚ ನಿಗಮದ ನಷ್ಟವೆಂದಾಗದೆ ರಾಜ್ಯದ ಮುಂಗಡಪತ್ರದಲ್ಲಿ ಹೊಣೆಯೆಂದು ದಾಖಲಾಗಬೇಕು. ಸುಧಾರಣೆಗಳು ಸುತ್ತೋಲೆಯಿಂದ ಒಪ್ಪಂದದೊಳಗೆ ಬರಬೇಕು. ವಿಲೀನವಾದರೂ ಆಗದಿದ್ದರೂ ಈ ಮೂರು ಬೇಕೇ ಬೇಕು.

1956ರ ಕಾಯ್ದೆ ಬರೆದವರು ಗಡಿ ಎಳೆಯುವಾಗ ಆ ಗೆರೆಯ ಮೇಲೆ ನಿಂತ ಸಣ್ಣ ಸಂಬಳದವರನ್ನು ಮರೆತಿರಲಿಲ್ಲ. ಅವರ ಹೊಣೆ ಯಾರದೆಂದು ಒಂದು ಕಲಮಿನಲ್ಲಿ ಹೇಳಿಯೇ ಮುಂದೆ ಹೋದರು. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಮುಂದೆ ಬರೆಯಲಾಗುವ ಕರಾರುಗಳಿಂದ ಅಷ್ಟನ್ನಾದರೂ ನಿರೀಕ್ಷಿಸಬಹುದು.